ಪಡಸಾಲೆಯ ವರಸೆ, ದೊಡ್ಡಿಯ ವರಸೆ

ನಮ್ಮ ಮನೆಗೆ ಇದ್ದದ್ದು ಒಂದೇ ಬಾಗಿಲು. ಕುರಿಮರಿ ಒಳಗೆ ಬರುವುದೂ ಅದರಲ್ಲೇ, ಬೀಗರು ಒಳಗೆ ಬರುವುದೂ ಅದರಲ್ಲೇ. ತೆಲುಗು ಗಡಿಯ ಹೊಳಗುಂದದ ಕಡೆ ಹಳೆಯ ಮನೆಗಳೆಲ್ಲ ಹೆಚ್ಚುಕಡಿಮೆ ಹೀಗೆಯೇ. ಬಾಗಿಲು ದಾಟಿದ ಕೂಡಲೇ ತಗ್ಗಿನಲ್ಲಿ ಕುರಿಗಳ ದೊಡ್ಡಿ, ಅಲ್ಲಿಂದ ಮೆಟ್ಟಿಲು ಹತ್ತಿದರೆ ಮನುಷ್ಯರ ಪಡಸಾಲೆ, ಅದರ ಹಿಂದೆ ಅಡಿಗೆಮನೆ, ಅಡಿಗೆಮನೆಗೆ ಅಂಟಿಕೊಂಡ ಕತ್ತಲೆ ಕೋಣೆಯೊಂದು ಜೋಳದ ಚೀಲಕ್ಕೂ ಕಂಬಳಿಗೂ ಬಾಣಂತಿಗೂ. ಮೇಲೆ ಮಣ್ಣಿನ ಮಾಳಿಗೆ. ಪಡಸಾಲೆಯಲ್ಲಿ ಕೂತವರಿಗೆ ದೊಡ್ಡಿಯ ವಾಸನೆ ಬರುತ್ತಿತ್ತು, ದೊಡ್ಡಿಯಲ್ಲಿ ನಿಂತವರಿಗೆ ಪಡಸಾಲೆಯ ಮಾತು ಕೇಳುತ್ತಿತ್ತು. ಗುಟ್ಟು ಅನ್ನುವುದು ಆ ಮನೆಯಲ್ಲಿ ಬಾಳುತ್ತಿರಲಿಲ್ಲ. ಪೇಟೆಯಿಂದ ಬಂದ ನೆಂಟರು ಮೂಗಿಗೆ ಸೆರಗು ಹಿಡಿದರೆ ನಮ್ಮ ಅಜ್ಜಿ, ಅಂದರೆ ಅಪ್ಪನ ತಾಯಿ, ಬಾಯಿ ಮುಚ್ಚಿಕೊಂಡು ಇರುವವಳಲ್ಲ.

"ಯವ್ವಾ, ನಿಮ್ಮ ಮೈಮ್ಯಾಗಿನ ಸೆಂಟಿಗೆ ನಮ್ಮ ಕುರಿ ಏನರ ಮೂಗು ಮುಚ್ಕೊಂಡಾವೇನು? ನೀವ್ಯಾಕ ಮುಚ್ಕೊಂತೀರಿ?"

ಆ ಮನೆಯಲ್ಲಿ ಒಂದು ಮಾತಿಗೆ ಎರಡು ಅರ್ಥ ಇತ್ತು: ವರಸೆ. ಪಡಸಾಲೆಯಲ್ಲಿ ವರಸೆ ಎಂದರೆ ಸಂಬಂಧ. ಯಾರು ಯಾರಿಗೆ ಏನಾಗಬೇಕು, ಯಾರನ್ನು ಅಕ್ಕ ಅನ್ನಬೇಕು, ಯಾರನ್ನು ಅತ್ತಿ ಅನ್ನಬೇಕು, ಯಾರ ಮನೆಗೆ ಹೆಣ್ಣು ಕೊಡಬಹುದು, ಯಾರ ಮನೆಗೆ ಕೊಡಬಾರದು, ಇದೆಲ್ಲ ವರಸೆ. ದೊಡ್ಡಿಗೆ ಇಳಿದರೆ ಅದೇ ಮಾತು ಪಟ್ಟು ಹಾಕುವುದಕ್ಕೆ ಬರುತ್ತಿತ್ತು. ಕುರಿಯನ್ನು ಹೇಗೆ ಹಿಡಿಯಬೇಕು, ಎದುರಾಳಿಯನ್ನು ಹೇಗೆ ಕೆಡವಬೇಕು, ಅದೂ ವರಸೆ. ನಾನು ಇವತ್ತು ಆದೋನಿಯಲ್ಲಿ ಹೆಣ್ಣುಮಕ್ಕಳಿಗೆ ಕಬಡ್ಡಿ ಕಲಿಸುತ್ತೇನೆ. ನನ್ನನ್ನು ಯಾರು ತಯಾರು ಮಾಡಿದರು ಎಂದು ಕೇಳುವವರಿಗೆ ನಾನು ಇಂಥ ಕೋಚು, ಇಂಥ ಕ್ಯಾಂಪು ಎಂದು ಹೇಳುತ್ತೇನೆ. ಅದು ಸುಳ್ಳಲ್ಲ. ಆದರೆ ಅದಕ್ಕೂ ಮೊದಲು ನಾನು ತಯಾರಾದದ್ದು ಆ ಎರಡು ವರಸೆಗಳ ನಡುವಿನ ಮೆಟ್ಟಿಲ ಮೇಲೆ.

ಪಡಸಾಲೆಯ ವರಸೆಗೆ ಅಜ್ಜಿಯೇ ಕೋರ್ಟು, ಅಜ್ಜಿಯೇ ಪೊಲೀಸು. ಓದು ಬರಹ ಬಾರದ ಮುದುಕಿ, ಆದರೆ ಸುತ್ತಲ ಹಳ್ಳಿಗಳ ಯಾವ ಮನೆಯ ಮಗುವನ್ನು ತಂದು ನಿಲ್ಲಿಸಿದರೂ ಅದು ತನಗೆ ಏನಾಗಬೇಕೆಂದು ಎಲೆಅಡಿಕೆ ಬಾಯಿಗೆ ಹಾಕುವಷ್ಟರಲ್ಲಿ ಹೇಳುತ್ತಿದ್ದಳು. ಒಮ್ಮೆ ಪೆದ್ದಕಡುಬೂರಿನ ಕಡೆಯ ನಮ್ಮ ನೆಂಟನೊಬ್ಬ ಪೇಚಿಗೆ ಸಿಕ್ಕಿದ. ಮದುವೆ ಗೊತ್ತಾಗಿತ್ತು. ಆದೋನಿಯಿಂದ ಬರುವ ಬಸ್ಸು ತುಂಬಿ ತುಳುಕುತ್ತಿತ್ತು. ಹಿಂದಿನಿಂದ ಹತ್ತಿದವನು ಮುಂದೆ ನಿಂತ ಹೆಂಗಸಿಗೆ, "ಅಕ್ಕಾ, ಜರ ಮುಂದಕ್ಕ ಸರೀವಾ" ಅಂದುಬಿಟ್ಟ. ಅವಳು ತಿರುಗಿ ನೋಡಿದರೆ ಅವನಿಗೇ ಗೊತ್ತು ಮಾಡಿದ ಹುಡುಗಿ. ಅಕ್ಕ ಅಂದಮೇಲೆ ತಾಳಿ ಕಟ್ಟುವುದು ಹೇಗೆ? ಬಸ್ಸು ಊರು ಮುಟ್ಟುವ ಮೊದಲೇ ಸುದ್ದಿ ಊರು ಮುಟ್ಟಿತು. ಕೊನೆಗೆ ಅಜ್ಜಿಯನ್ನೇ ಕರೆಸಿದರು. ಅವಳು ಅದಕ್ಕೊಂದು ದಾರಿ ಹೇಳಿದಳು. ಬೇಕೆಂದು ಅಂದದ್ದಲ್ಲ, ಬಾಯಿ ತಪ್ಪಿದ್ದು. ಹಿರಿಯರ ಮುಂದೆ "ಬಾಯಿ ತಪ್ಪಿತು" ಎಂದು ಒಪ್ಪಿಕೊಂಡು ತೆಂಗಿನಕಾಯಿ ಒಡೆದರೆ ಅಂದ ಮಾತು ಅಳಿಯುತ್ತದೆ, ವರಸೆ ಮೊದಲಿನಂತಾಗುತ್ತದೆ. ಹುಡುಗ ಕಾಯಿ ಒಡೆದ, ಮದುವೆಯೂ ಆಯಿತು. ಅವನನ್ನು ಕಂಡಾಗಲೆಲ್ಲ ನಮ್ಮಪ್ಪ "ನಿಮ್ಮಕ್ಕ ಆರಾಮ ಅದಾಳೇನಪ್ಪ?" ಎಂದು ಅವನ ಹೆಂಡತಿಯ ಯೋಗಕ್ಷೇಮ ವಿಚಾರಿಸುತ್ತಿದ್ದ.

ನನ್ನ ಹೆಸರು ಉರುಕುಂದಮ್ಮ. ನಮ್ಮ ಕಡೆ ಮನೆಗೊಬ್ಬಳಾದರೂ ಈ ಹೆಸರಿನವಳು ಇರುತ್ತಾಳೆ. ಮನೆಯಲ್ಲಿ ಉರುಕಿ. ನಾನು ಹುಟ್ಟಿದ ದಿನವೇ ನನ್ನ ವರಸೆ ತೀರ್ಮಾನವಾಗಿತ್ತು. ನಮ್ಮವ್ವನ ತಮ್ಮ ಸಿದ್ದಪ್ಪ, ತಾಯಿತಂದೆ ಇಲ್ಲದ ಹುಡುಗ, ಅಕ್ಕನ ಸೆರಗು ಹಿಡಿದುಕೊಂಡು ನಮ್ಮ ಮನೆಗೆ ಬಂದವನು, ಅಂಗಳದಲ್ಲಿ ಗೋಲಿ ಆಡುತ್ತಿದ್ದನಂತೆ. ಅಜ್ಜಿ ಕತ್ತಲೆ ಕೋಣೆಯಿಂದ ಹೊರಗೆ ಬಂದು, "ಲೇ ಸಿದ್ದಾ, ಗೋಲಿ ಬಿಡಲೇ. ಒಳಗ ನಿನ್ನ ಹೆಂಡ್ತಿ ಹುಟ್ಟ್ಯಾಳ" ಅಂದಳಂತೆ. ಸೋದರಮಾವನಿಗೆ ಅಕ್ಕನ ಮಗಳ ಮೇಲೆ ಹಕ್ಕು, ಅದನ್ನು ಯಾರೂ ಹೊಸದಾಗಿ ಹೇಳಬೇಕಾಗಿರಲಿಲ್ಲ. ಅಜ್ಜಿಯ ಲೆಕ್ಕಾಚಾರ ಸರಳವಾಗಿತ್ತು. ಹುಡುಗನೂ ಮನೆಯಲ್ಲೇ ಉಳಿದ, ಹುಡುಗಿಯೂ ಮನೆಯಲ್ಲೇ ಉಳಿದಳು, ಕುರಿಯೂ ಎರಡು ಪಾಲಾಗಲಿಲ್ಲ. ಇಷ್ಟು ಚೆನ್ನಾಗಿ ಕೂಡಿಬಂದದ್ದಕ್ಕೆ ಯಾರು ಬೇಡ ಅನ್ನುತ್ತಾರೆ?

ಊಟದ ಹೊತ್ತಿಗೆ ಗಂಡಸರು ಪಡಸಾಲೆಯಲ್ಲಿ, ಹೆಂಗಸರು ಒಲೆಯ ಮುಂದೆ. ನಾನು ನಡುವಿನ ಹೊಸ್ತಿಲಲ್ಲಿ. ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ, ಮಜ್ಜಿಗೆ, ಇದು ವರ್ಷವಿಡೀ. ಅವ್ವ ರೊಟ್ಟಿ ಬಡಿಯುವ ಸದ್ದು ನಿಂತಿತೆಂದರೆ ಅಜ್ಜಿಯ ಸದ್ದು ಶುರು. "ಉರುಕೀ, ಮಾವಗ ಬಿಸಿ ರೊಟ್ಟಿ ನೀಡು. ಬೆಣ್ಣಿ ಹಚ್ಚು. ಈಗಿಂದ ರೂಢಿ ಆಗ್ಲಿ." ಸಿದ್ದಮಾವ ಕಿವಿಯವರೆಗೆ ಕೆಂಪಾಗಿ ತಟ್ಟೆ ನೋಡುತ್ತಿದ್ದ. ನಾನು ಬೆಣ್ಣೆಯನ್ನು ಅಪ್ಪನ ರೊಟ್ಟಿಗೆ ಹಚ್ಚಿ ಓಡಿಬರುತ್ತಿದ್ದೆ. ಮಾವ ಎಂದರೆ ನನಗೆ ಪ್ರಾಣ. ಇದನ್ನು ಮುಚ್ಚಿಡುವುದೇನಿದೆ? ಊರಿನ ಕಬಡ್ಡಿ ತಂಡಕ್ಕೆ ಅವನೇ ಮುಖ್ಯ. ರೈಡಿಗೆ ಹೋಗುವುದನ್ನು ನಮ್ಮ ಕಡೆ ಕೂತ ಅನ್ನುತ್ತಾರೆ. ಅವನು ಕೂತಕ್ಕೆ ಹೊರಟರೆ ಕಟ್ಟೆಯ ಮೇಲಿನ ಮುದುಕರೂ ಉಸಿರು ಹಿಡಿಯುತ್ತಿದ್ದರು. ಮನೆಗೆ ಬಂದು ಮಣ್ಣು ತೊಳೆದುಕೊಳ್ಳುವಾಗ ನಾನು ತಂಬಿಗೆಯಿಂದ ನೀರು ಹುಯ್ಯುತ್ತ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತಿದ್ದೆ. ಆಟದ ಬಗ್ಗೆ ನನ್ನಷ್ಟು ತಲೆ ತಿನ್ನುವವರು ಅವನಿಗೆ ಇನ್ನೊಬ್ಬರಿರಲಿಲ್ಲ.

ಕಲಿಸಿದವನೂ ಅವನೇ, ಆದರೆ ಕಬಡ್ಡಿ ಎಂದು ಕಲಿಸಲಿಲ್ಲ. ಉಣ್ಣೆ ಕತ್ತರಿಸುವ ದಿನ, ಔಷಧ ಕುಡಿಸುವ ದಿನ ದೊಡ್ಡಿಯ ಬಾಗಿಲು ಹಾಕಿ ಕುರಿಗಳನ್ನು ಒಂದೊಂದಾಗಿ ಹಿಡಿದು ಕೊಡುವುದು ನಮ್ಮ ಕೆಲಸ. ಉಣ್ಣೆ ಹಿಡಿದು ಎಳೆದರೆ ಕುರಿಗೆ ನೋವು, ಕೊಂಬು ಹಿಡಿದರೆ ನಮಗೆ ನೋವು. ಹಿಡಿಯುವುದು ಹಿಂಗಾಲು, ಅದೂ ಗೆಣ್ಣಿನ ಮೇಲೆ. ಹಿಡಿದಮೇಲೆ ಕೈಯಿಂದ ಜಗ್ಗಬಾರದು, ಭುಜವನ್ನು ಅದರ ತೊಡೆಗೆ ಕೊಟ್ಟು ಮೈಯನ್ನೆಲ್ಲ ನೆಲಕ್ಕೆ ಬಿಡಬೇಕು. ಟಗರು ಜಾಣ ಪ್ರಾಣಿ. ನೀನು ಕಣ್ಣು ಎಲ್ಲಿ ಇಟ್ಟೆ ಎಂದು ನೋಡಿಕೊಂಡು, ಮುಖ ಒಂದು ಕಡೆ ತೋರಿಸಿ ಇನ್ನೊಂದು ಕಡೆ ಓಡುತ್ತದೆ. ಅದಕ್ಕೆ ಮಾವ ಹೇಳುತ್ತಿದ್ದ: "ಮುಖ ನೋಡಬ್ಯಾಡ, ಟೊಂಕ ನೋಡು. ಮುಖ ಸುಳ್ಳು ಹೇಳ್ತತಿ, ಟೊಂಕ ಸುಳ್ಳು ಹೇಳಂಗಿಲ್ಲ." ಈಗ ನನ್ನ ಹುಡುಗಿಯರಿಗೆ ಇದನ್ನೇ ಹೇಳುತ್ತೇನೆ. ಅವರು ಮೊಬೈಲಿನಲ್ಲಿ ದೊಡ್ಡ ಆಟಗಾರರ ವಿಡಿಯೋ ನೋಡಿಕೊಂಡು ಬಂದು, ಮೇಡಂ, ಇದಕ್ಕೆ ಇಂಗ್ಲಿಷಿನಲ್ಲಿ ಒಂದು ಹೆಸರಿದೆ ಅನ್ನುತ್ತಾರೆ. ಇರಲಿ ಬಿಡಿ, ಹೆಸರಿಗೇನು. ಮೊದಲು ಹಿಡೀರಿ.

ಹೆಣ್ಣುಮಗಳು ಚಡ್ಡಿ ಹಾಕಿಕೊಳ್ಳುವ ವಿಷಯಕ್ಕೆ ಮನೆಯಲ್ಲಿ ರಾಮಾಯಣ ಆಗಿರಬೇಕಲ್ಲ ಎಂದು ನನ್ನನ್ನು ಎಲ್ಲರೂ ಕೇಳುತ್ತಾರೆ. ಅವರಿಗೆ ನಿರಾಸೆಯಾದರೂ ಸರಿ, ಅದು ಆಗಲಿಲ್ಲ. ಅಜ್ಜಿಯೇ ದೊಡ್ಡಿಗೆ ಇಳಿಯುವಾಗ ಸೀರೆಯನ್ನು ಕಚ್ಚೆ ಹಾಕಿ ಮೊಣಕಾಲ ಮೇಲೆ ಸಿಕ್ಕಿಸುತ್ತಿದ್ದವಳು. ನಾನು ಶಾಲೆಯಿಂದ ತಂದ ಚಡ್ಡಿಯನ್ನು ಹಗ್ಗದ ಮೇಲೆ ಒಣಹಾಕಿದಾಗ ಅವಳು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದಕ್ಕ ಕಿಸೆ ಎಲ್ಲೈತಿ? ಎಲೆಅಡಿಕಿ ಎಲ್ಲಿ ಇಟ್ಕೊಂತೀರಿ?" ಅಂದಳು. ಅಷ್ಟೇ.

ಶಾಲೆಯಲ್ಲಿ ಆಟ ಕಲಿಸಲು ಒಬ್ಬ ತೆಲುಗು ಮೇಷ್ಟರಿದ್ದರು, ದೇವನಕೊಂಡದ ಕಡೆಯವರು. ಎಲ್ಲರಿಗೂ ಅವರು ಡ್ರಿಲ್ ಸಾರು. ಅವರಿಗೆ ನನ್ನ ಹೆಸರೆಂದರೆ ಒಂದು ತಮಾಷೆ. ತೆಲುಗಿನಲ್ಲಿ ಉರುಕು ಎಂದರೆ ಓಡು. ಮೈದಾನದ ಆ ತುದಿಯಿಂದ "ಉರುಕು ಉರುಕುಂದಮ್ಮಾ, ಉರುಕು!" ಎಂದು ಕೂಗುತ್ತಿದ್ದರು, ಶಾಲೆಯ ಶಾಲೆಯೇ ನಗುತ್ತಿತ್ತು. ನನಗೆ ಸಿಟ್ಟು ಮೂಗಿನ ಮೇಲೆ. ಸಿಟ್ಟಿಗೇ ಇನ್ನಷ್ಟು ಓಡುತ್ತಿದ್ದೆ. ಹತ್ತನೇ ಕ್ಲಾಸಿನ ಕೊನೆಯ ಹೊತ್ತಿಗೆ ಸಾರು ಒಂದು ಸುದ್ದಿ ತಂದರು. ಆಟ ಆಡುವ ಹೆಣ್ಣುಮಕ್ಕಳಿಗೆ ಸರಕಾರದ ಹಾಸ್ಟೆಲ್ಲು, ಊಟ, ಓದು, ದಿನಾ ಎರಡು ಹೊತ್ತು ಮೈದಾನ. ಆದೋನಿಯಲ್ಲಿ ಆಯ್ಕೆ. ನನ್ನನ್ನು ಕಳಿಸಲೇಬೇಕೆಂದು ಒಂದು ಸಂಜೆ ಅವರೇ ಸೈಕಲ್ ತುಳಿದುಕೊಂಡು ಮನೆಗೆ ಬಂದರು. ಬಾಗಿಲಲ್ಲೇ ಮರಿಯೊಂದನ್ನು ತುಳಿಯಬಾರದೆಂದು ಜಿಗಿದು, ಪಡಸಾಲೆಯ ಕಂಬಳಿಯ ಮೇಲೆ ಕೂತು, ಅವ್ವ ಕೊಟ್ಟ ಮಜ್ಜಿಗೆ ಕುಡಿದು, ತೆಲುಗಿನಲ್ಲಿ ಅಜ್ಜಿಗೆ ಹೇಳಿದರು.

"ಅವ್ವಾ, ಮೀ ಪಿಲ್ಲ ಪಟ್ಟುಕುಂಟೇ ಇಡ್ಸಿಪೆಟ್ಟದು!"

"ಹಿಡದ್ರ ಬಿಡಂಗಿಲ್ಲ, ಗೊತ್ತೈತ್ರಿ ಸಾರೂ," ಅಜ್ಜಿ ಕನ್ನಡದಲ್ಲೇ ಉತ್ತರ ಕೊಟ್ಟಳು. ಅವರ ಮಾತು ಹೀಗೆಯೇ ನಡೆಯಿತು, ಅವರು ಆ ಭಾಷೆ, ಇವಳು ಈ ಭಾಷೆ. "ಸಣ್ಣಾಕಿದ್ದಾಗ ನನ್ನ ಎಲೆಅಡಿಕಿ ಚೀಲ ಹಿಡದ್ರ ಬಿಡ್ತಿರಲಿಲ್ಲ. ಆದ್ರ ಆಕಿ ಮದುವಿ ಐತಲ್ಲ? ಬ್ಯಾಸಿಗ್ಯಾಗ. ಮದುವಿ ಆದಮ್ಯಾಗ ಆಡ್ಲಿ ಬೇಕಾದ್ರ."

ಮದುವೆಯಾದವರನ್ನು ಹಾಸ್ಟೆಲ್ಲಿನಲ್ಲಿ ಸೇರಿಸಿಕೊಳ್ಳುವುದಿಲ್ಲ ಎಂದು ಸಾರು ಹೇಳಿದರು. ಹದಿನೈದು ತುಂಬಿದ ಹುಡುಗಿಗೆ ಮದುವೆ ಏನು ಎಂದೂ ಮೆಲ್ಲಗೆ ಅಂದರು. ಅಜ್ಜಿ ಕೇಳಿಸದವಳಂತೆ ಅಡಿಕೆ ಕತ್ತರಿಸಿದಳು. ಸಾರು ಅಪ್ಪನ ಕಡೆ ತಿರುಗಿದರು. ಅಪ್ಪ ಕುರಿಯ ಹಿಂದೆ ನಡೆದು ನಡೆದು ಮಾತು ಕಡಿಮೆ ಮಾಡಿಕೊಂಡ ಮನುಷ್ಯ. ಅವನು ಗೋಡೆಗೆ ಒರಗಿ ಕೂತಿದ್ದ ಸಿದ್ದಮಾವನನ್ನು ತೋರಿಸಿ, "ಅವನ ಹೆಣ್ಣು. ಅವನ ಕೇಳ್ರಿ ಸಾರೂ" ಅಂದ. ಎಲ್ಲರೂ ಮಾವನನ್ನು ನೋಡಿದರು. ದೊಡ್ಡಿಯಲ್ಲಿ ನಿಂತು ನಾನೂ ನೋಡಿದೆ. ಮಾವ ತಲೆ ಬಗ್ಗಿಸಿ ಕಂಬಳಿಯ ಎಳೆ ಕೀಳುತ್ತ ಕೂತೇ ಇದ್ದ. ಸಾರು ಎದ್ದು ಹೋದರು.

ಆವತ್ತು ನಾನು ಅಡಿಗೆಮನೆಯಲ್ಲಿ ಹಾರಾಡಿದ್ದು ಅಷ್ಟಿಷ್ಟಲ್ಲ. ಮಾವ ಬೇಡ ಎಂದಲ್ಲ, ಇದನ್ನು ಈಗಲೂ ಜನರಿಗೆ ತಿಳಿಸಿ ಹೇಳುವುದು ಕಷ್ಟ. ಮಾವ ಒಳ್ಳೆಯವನೇ. ನನಗೆ ಆಟ ಬೇಕಾಗಿತ್ತು. ಬೇರೆ ಯಾವುದೂ ಅಷ್ಟು ಬೇಕು ಅನ್ನಿಸಿರಲಿಲ್ಲ. ಆಟ ಬಿಟ್ಟರೆ ಉಸಿರು ಸಿಕ್ಕಿಕೊಳ್ಳುತ್ತದೆ ಅನ್ನುವಷ್ಟು ಬೇಕಾಗಿತ್ತು. ಅಪ್ಪ ಯಾಕೆ ಈ ಮದುವೆ ಬೇಡ ಅನ್ನಬಾರದು, ಮಾವ ಯಾಕೆ ಒಲ್ಲೆ ಅನ್ನಬಾರದು ಎಂದು ಕೂಗಾಡಿದೆ. ಅವ್ವ ಹಿಟ್ಟಿನ ಕೈಯಲ್ಲೇ ನನ್ನ ಬಾಯಿ ಮುಚ್ಚಿ ಕೂರಿಸಿಕೊಂಡಳು.

"ಸುಮ್ಕಿರಬೇ, ಹೊರಗ ಕೇಳಸ್ತತಿ. ನಿಮ್ಮಪ್ಪ ಒಲ್ಲೆ ಅಂದ್ರ ನನ್ನ ತವರುಮನಿ ಕಡಕೊಂಡಂಗ. ನನಗಿರಾದು ಅವನೊಬ್ಬ ತಮ್ಮ. ಸಿದ್ದ ಒಲ್ಲೆ ಅಂದ್ರ ಊರು ಏನಂತೈತಿ? ಸೋದರಮಾವನ ಒಲ್ಲೆ ಅಂದ ಹುಡುಗಿ, ಆಕಿಗೇನು ಐಬೈತೋ ಏನೋ ಅಂತೈತಿ. ಹಾವೂ ಸಾಯಬಾರದು, ಕೋಲೂ ಮುರೀಬಾರದು. ಅಂಥ ದಾರಿ ನಿನಗೇನರ ಕಂಡ್ರ ಹೇಳು, ನನಗಂತೂ ಕಾಣವಲ್ದು."

ಅವ್ವ ಅತ್ತದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಅವಳು ಆಮೇಲೆ ರೊಟ್ಟಿ ಬಡಿದಳು, ಎಂದಿಗಿಂತ ಜೋರಾಗಿ.

ಮರುದಿನ ದೊಡ್ಡಿಯಲ್ಲಿ ಮಾವನ ಜೊತೆ ಮಾತು ಬಿಟ್ಟೆ. ಅವನು ಹಿಡಿ ಅಂದ ಟಗರನ್ನು ಹಿಡಿಯಲಿಲ್ಲ, ಸರಿ ಅಂದಾಗ ಸರಿಯಲಿಲ್ಲ. ಕೊನೆಗೆ ಅವನೇ ಟಗರನ್ನು ಬಿಟ್ಟು ಬಂದು ಮೆಟ್ಟಿಲ ಮೇಲೆ ಕೂತ.

"ಏನಂತ ಹೇಳ್ಲಿ ಉರುಕೀ? ಒಲ್ಲೆ ಅಂದ್ರ ನಿನ್ನ ಹೆಸರು ಕೆಡ್ತತಿ. ಹ್ಞೂ ಅಂದ್ರ ನಿನ್ನ ಆಟ ಕೆಡ್ತತಿ. ನೀನ ಹೇಳು, ಯಾವುದು ಹೇಳ್ಲಿ?"

"ನಿನಗ ಏನು ಬೇಕು, ಅದು ಹೇಳು."

ಅವನು ಅಂಗೈಗೆ ಅಂಟಿದ ಉಣ್ಣೆ ಒರೆಸಿಕೊಂಡ. "ನನ್ನ ಯಾರೂ ಕೇಳೇ ಇಲ್ಲಲ್ಲ," ಅಂದ. "ಗೋಲಿ ಆಡೋ ಹುಡುಗಗ ಹೆಂಡ್ತಿ ಹುಟ್ಟ್ಯಾಳ ಅಂದ್ರು. ಹ್ಞೂ ಅಂದೆ. ಆಮ್ಯಾಗ ನಿನ್ನ ಹೆಗಲ ಮ್ಯಾಲ ಹೊತ್ಕೊಂಡು ತಿರುಗಿದೆ. ಆಟ ಕಲಿಸಿದೆ. ನೀ ಗೆದ್ದಾಗ ನನಗ ಹೆಂಗಾಗ್ತತಿ ಅಂದ್ರ..." ಹೇಗಾಗುತ್ತದೆ ಎಂದು ಪೂರ್ತಿ ಕೇಳುವ ತಾಳ್ಮೆ ನನಗೆ ಇರಲಿಲ್ಲ. ಹೊರಟು ಹೋದೆ.

ಆದರೂ ಆಯ್ಕೆಗೆ ಹೋಗುವುದಾಯಿತು. ಮದುವೆಯ ಬಟ್ಟೆ ತರಲು ಎಲ್ಲರೂ ಆದೋನಿಗೆ ಹೋಗಲೇಬೇಕಿತ್ತು. ಅಪ್ಪ ಎಂದೂ ಎದುರು ಮಾತಾಡದವನು ಅಜ್ಜಿಗೆ, "ಹೆಂಗೂ ಹೊಂಟೀವಲ್ಲ, ಸಾರು ಮನಿಗೆ ಬಂದು ಕೇಳ್ಯಾರ. ಒಂದಾಟ ಆಡ್ಲಿ, ಆಮ್ಯಾಗ ಬಟ್ಟಿ ಅಂಗಡಿಗೆ ಹೋಗಾಣ" ಅಂದ. ಅಜ್ಜಿ ಒಪ್ಪಿದಳು. ಒಂದಾಟದಿಂದ ಏನು ಆಗುತ್ತದೆ? ಅವ್ವ, ಅಪ್ಪ, ಸಿದ್ದಮಾವ, ನಾನು, ಅಜ್ಜಿ, ಅವಳ ಎಲೆಅಡಿಕೆ ಚೀಲ, ಎಲ್ಲ ಬೆಳಗಿನ ಬಸ್ಸು ಹತ್ತಿದೆವು. ಹತ್ತಿಯ ಸುಗ್ಗಿ. ಬಸ್ಸಿನ ಮುಂದೂ ಹಿಂದೂ ಹತ್ತಿ ತುಂಬಿದ ಗಾಡಿಗಳು. ಆದೋನಿ ಹತ್ತಿರವಾದಂತೆ ರಸ್ತೆ ಬದಿಯ ಜಾಲಿ ಮುಳ್ಳಿಗೆಲ್ಲ ಬಿಳಿ ಎಳೆ. ಕಿಟಕಿಯಲ್ಲಿ ಬಂದ ಹತ್ತಿಯ ಎಳೆ ಅಜ್ಜಿಯ ಮೂಗಿನ ಮೇಲೆ ಕೂತಿತು, ಅವಳು ಸೀನಿದಳು, ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಎಂದು ಅವ್ವ ಲೆಕ್ಕ ಹಾಕಿದಳು.

ಮೈದಾನದಲ್ಲಿ ಸುಣ್ಣದ ಗೆರೆ ಎಳೆದಿದ್ದರು. ಸುತ್ತಲೂ ಜನ. ಹತ್ತಿ ಮಾರಲು ಬಂದ ನಮ್ಮ ಊರಿನವರೂ ಕೆಲವರು ಹೆಗಲ ಮೇಲೆ ಟವಲು ಹಾಕಿಕೊಂಡು ನಿಂತಿದ್ದರು. ಬೇವಿನ ಮರದ ಕೆಳಗೆ ಅಜ್ಜಿ ಕಾಲು ಚಾಚಿ ಕೂತಳು, ಪಕ್ಕದಲ್ಲಿ ಅವ್ವ. ಅಪ್ಪ ಮತ್ತು ಮಾವ ಗೆರೆಗೆ ಹತ್ತಿಕೊಂಡು ನಿಂತರು. ನನ್ನನ್ನು ಎಡ ಮೂಲೆಗೆ ನಿಲ್ಲಿಸಿದರು. ಕಾಲು ಹಿಡಿಯುವವರ ಜಾಗ ಅದು. ಮೊದಲು ನಾನು ಆಡಿದ್ದು ಹೇಳಿಕೊಳ್ಳುವಂಥದ್ದಲ್ಲ. ಮುಟ್ಟಿಸಿಕೊಂಡು ಹೊರಗೆ ಕೂತೆ, ಮತ್ತೆ ಒಳಗೆ ಬಂದೆ. ಸಾರು ಹಣೆ ಒರೆಸಿಕೊಳ್ಳುತ್ತಿದ್ದರು. ಆಟ ಮುಗಿಯುವ ಹೊತ್ತಿಗೆ ಆ ಕಡೆಯಿಂದ ಎತ್ತರದ ಹುಡುಗಿಯೊಬ್ಬಳು ಕೂತಕ್ಕೆ ಬಂದಳು. ಅಷ್ಟರವರೆಗೆ ಅವಳನ್ನು ಯಾರೂ ಹಿಡಿದಿರಲಿಲ್ಲ. ನಾನು ಮುಖ ಬಿಟ್ಟು ಟೊಂಕ ನೋಡಿದೆ. ಟೊಂಕ ಬಲಕ್ಕೆ ತಿರುಗಿತು, ಎಡಗಾಲು ನನ್ನ ಕಡೆ ಉಳಿಯಿತು. ಬಿದ್ದೆ. ಗೆಣ್ಣಿನ ಮೇಲೆ ಎರಡೂ ಕೈ.

ಅಬ್ಬಾ, ಅವಳ ಶಕ್ತಿಯೇ! ಹೊಟ್ಟೆಯ ಮೇಲೆ ನನ್ನನ್ನು ಎಳೆದುಕೊಂಡೇ ಹೊರಟಳು. ಬಾಯಿ ತುಂಬ ಮಣ್ಣು. ನಮ್ಮ ತಂಡದವರು ಇನ್ನೂ ಬಂದಿಲ್ಲ. ಅವಳು ನಡುಗೆರೆಯ ಕಡೆ ಬಿದ್ದು ಕೈ ಚಾಚಿದ್ದಳು. ಬೆರಳಿಗೂ ಗೆರೆಗೂ ಗೇಣು. ನನ್ನ ಕೈ ಬೆವರಿಗೆ ಜಾರುತ್ತಿತ್ತು. ಆಗ ಗೆರೆಯ ಆಚೆಯಿಂದ ಮಾವನ ಕೂಗು ಬಂತು. ಅವನು ಅಷ್ಟು ಗಟ್ಟಿಯಾಗಿ ಕೂಗಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ.

"ಬಿಡಬ್ಯಾಡ ಮಗಳ! ಬಿಡಬ್ಯಾಡ ನನ್ನ ಮಗಳ! ಹಿಡಕ!"

ಹಿಡಿದೆ. ತಂಡದವರು ಬಂದು ಮೇಲೆ ಬಿದ್ದರು. ಸೀಟಿ ಊದಿದರು. ನಾನು ಎದ್ದು ಕುಣಿಯಬೇಕು, ಮೈದಾನವೆಲ್ಲ ಕೂಗಬೇಕು, ಆದರೆ ನಾನು ನಮ್ಮವರ ಕಡೆ ನೋಡಿದೆ. ಅಪ್ಪ ಬಾಯಿ ತೆರೆದು ಮಾವನನ್ನು ನೋಡುತ್ತಿದ್ದ. ಅವ್ವನ ಕೈ ಸೆರಗಿನ ಜೊತೆ ಬಾಯಿಯ ಮೇಲಿತ್ತು. ಮಾವನ ಎರಡೂ ಕೈ ಇನ್ನೂ ಗಾಳಿಯಲ್ಲೇ ಇದ್ದವು, ಇಳಿಸಲು ಮರೆತಿದ್ದ. ಆಮೇಲೆ ನಮ್ಮ ಊರಿನ ಟವಲಿನವರಲ್ಲಿ ಒಬ್ಬ ಕಿಸಕ್ಕನೆ ನಕ್ಕ.

"ಏ, ಕೇಳಿದ್ರೇನಲೇ? ಸಿದ್ದಪ್ಪ ಹೆಂಡ್ತಿನ ಮಗಳ ಅಂದ್ನಲ್ಲೋ!"

ಬೇವಿನ ಮರದ ಕೆಳಗಿನಿಂದ ಅಜ್ಜಿ ಎದ್ದಳು. ಮಾವನ ಹತ್ತಿರ ಬಂದು ನಿಂತು, "ಏನಂದಿ?" ಅಂದಳು. ಮಾವ ಕೈ ಇಳಿಸಿದ. ಅಜ್ಜಿ ಮತ್ತೆ ಕೇಳಲಿಲ್ಲ. "ಬಟ್ಟಿ ಅಂಗಡಿಗೆ ಹೋಗಾದು ಬ್ಯಾಡ. ಮನಿಗೆ ನಡೀರಿ. ಮೊದಲು ಇದು ಬಗೆಹರೀಲಿ" ಅಂದಳು. ಹಿಂದಿನಿಂದ ಡ್ರಿಲ್ ಸಾರು ಓಡಿ ಬಂದು, ಸೆಲೆಕ್ಟ್ ಆಯ್ತು, ಹುಡುಗಿ ಹೆಸರು ಬಂತು ಎಂದು ಎರಡೂ ಭಾಷೆಯಲ್ಲಿ ಹೇಳಿದರು. ಯಾರೂ ಅವರ ಕಡೆ ತಿರುಗಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಅಪ್ಪ ಎಲ್ಲರಿಗೂ ಮಂಡಕ್ಕಿ ಒಗ್ಗಾಣಿ, ಮಿರ್ಚಿ ಕೊಡಿಸಿದ. ಯಾರ ಗಂಟಲಲ್ಲೂ ಇಳಿಯಲಿಲ್ಲ. ನನಗೆ ಮಾತ್ರ ವಿಪರೀತ ಹಸಿವು. ನನ್ನದನ್ನು ತಿಂದು, ಅವ್ವನದನ್ನೂ ತಿಂದೆ. ಅಜ್ಜಿ ಬಸ್ಸು ಹತ್ತುವ ಮೊದಲು ಒಂದು ತೆಂಗಿನಕಾಯಿ ಕೊಂಡು ಚೀಲಕ್ಕೆ ಹಾಕಿಕೊಂಡಳು. ಅದು ಯಾಕೆಂದು ನನಗೆ ಕೂಡಲೇ ತಿಳಿಯಿತು. ಬಾಯಿ ತಪ್ಪಿತು ಎಂದು ಅವನು ಹೇಳಿದರೆ ಮುಗಿಯಿತು. ಮದುವೆ ಉಳಿಯುತ್ತದೆ, ನನ್ನ ಹೆಸರು ಆ ಪಟ್ಟಿಯಲ್ಲಿ ಇದ್ದರೆಷ್ಟು ಬಿಟ್ಟರೆಷ್ಟು.

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಕುರಿಗಳು ಆಗಷ್ಟೇ ಬಂದಿದ್ದವು, ಮರಿಗಳು ತಾಯಂದಿರನ್ನು ಹುಡುಕಿ ಒದರುತ್ತಿದ್ದವು. ನನ್ನನ್ನು ದೊಡ್ಡಿಗೆ ಅಟ್ಟಿದರು, ಹಿರಿಯರ ಮಾತು ಎಂದು. ಎಲ್ಲಿ ಅಟ್ಟಿದರೆ ಏನು, ಆ ಮನೆಯಲ್ಲಿ ಎಲ್ಲ ಕೇಳುತ್ತದೆ, ಕಾಣುತ್ತದೆ. ಅಜ್ಜಿ ಪಡಸಾಲೆಯ ನಡುವೆ ಕೂತು ತೆಂಗಿನಕಾಯಿಯನ್ನು ಮಾವನ ಮುಂದೆ ಇಟ್ಟಳು. ಅಪ್ಪ ಗೋಡೆಗೆ ಒರಗಿದ್ದ. ಅವ್ವ ಅಡಿಗೆಮನೆಯ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಸಿದ್ದಾ, ನೀ ನನ್ನ ಕೈ ತುತ್ತು ಉಂಡು ಬೆಳೆದಾವ," ಅಜ್ಜಿಯ ದನಿಯಲ್ಲಿ ಸಿಟ್ಟು ಇರಲಿಲ್ಲ, ಹೆದರಿಕೆ ಇತ್ತು. "ಮಾತು ಆಡಿದ್ರ ಹೋತು, ಮುತ್ತು ಒಡೆದ್ರ ಹೋತು ಅಂತಾರ. ಆದ್ರ ಇದಕ್ಕ ದಾರಿ ಐತಿ. ಆಟದ ಹುರುಪಿನ್ಯಾಗ ಬಾಯಿ ತಪ್ಪೈತಿ. ಯಾರಿಗೆ ತಪ್ಪಂಗಿಲ್ಲ? ಬಾಯಿ ತಪ್ಪಿತು ಅನ್ನು, ಕಾಯಿ ಒಡಿ, ಎದ್ದು ಉಣ್ಣು."

ಮಾವ ಕಾಯಿಯನ್ನು ನೋಡಿದ. ಕೈಗೆ ತೆಗೆದುಕೊಂಡ. ನಾನು ಒಂದು ಮರಿಯನ್ನು ಎದೆಗೆ ಅವುಚಿಕೊಂಡು ನಿಂತಿದ್ದೆ, ಅದು ಬಿಡು ಎಂದು ಒದೆಯುತ್ತಿತ್ತು. ಅವನು ಕಾಯಿಯನ್ನು ಒಂದು ಸುತ್ತು ತಿರುಗಿಸಿ, ಒಡೆಯದೆ, ಮೆಲ್ಲಗೆ ಅಜ್ಜಿಯ ಕಡೆಗೇ ಸರಿಸಿಟ್ಟ. ಮೈದಾನದಲ್ಲಿ ಬಂದದ್ದು ಬಾಯಿ ತಪ್ಪಿದ ಮಾತೋ, ಬೇಕೆಂದು ಆಡಿದ ಮಾತೋ, ನಾನು ಇವತ್ತಿಗೂ ಅವನನ್ನು ಕೇಳಿಲ್ಲ. ಬಸ್ಸಿನಲ್ಲಿ ಅಷ್ಟು ದೂರ ಕಿಟಕಿ ನೋಡುತ್ತ ಕೂತವನು ಏನು ಯೋಚಿಸಿದ್ದನೋ ಅದೂ ಗೊತ್ತಿಲ್ಲ. ಅವನು ಪಡಸಾಲೆಯಿಂದಲೇ ದೊಡ್ಡಿಯ ಕಡೆ ತಿರುಗಿದ. ಎಲ್ಲರಿಗೂ ಕೇಳುವಂತೆ, ಆದರೆ ದಿನಾ ಆಡುವ ಮಾತಿನಂತೆ ಅಂದ:

"ಮಗಳ, ಒಂದು ತಂಬಿಗಿ ನೀರು ತಾರವ್ವಾ. ಬಾಯಾರೈತಿ."

ಮರಿ ಬಿಟ್ಟೆ. ಕೊಡದಿಂದ ನೀರು ತುಂಬುವಾಗ ಅರ್ಧ ನೆಲಕ್ಕೆ ಹೋಯಿತು. ಮೆಟ್ಟಿಲು ಹತ್ತಿದೆ. ಅಪ್ಪ ನನ್ನನ್ನು ನೋಡಲಿಲ್ಲ, ಅವ್ವ ನೋಡಿದಳು. ಅವನ ಮುಂದೆ ನಿಂತಾಗ ಏನಂದು ಕೊಡಬೇಕೋ ತಿಳಿಯಲಿಲ್ಲ. ಹುಟ್ಟಿದಾಗಿನಿಂದ ಕರೆದ ಮಾತು ಒಂದೇ, ಮಾವ. ಅದು ಈಗ ಬಾಯಿಗೆ ಬರಬಾರದು. ನಮ್ಮ ಕಡೆ ಹಾದಿಯಲ್ಲಿ ಹೋಗುವವನಿಗೂ ಬಾರಪ್ಪ, ಕೂಡಪ್ಪ ಅನ್ನುತ್ತೇವೆ, ಹಾಗೆ ತಗೋಪ್ಪ ಅಂದರೂ ನಡೆಯುತ್ತಿತ್ತು. ನಾನು ಹಾಗನ್ನಲಿಲ್ಲ. ಎರಡು ಮಾತನ್ನೂ ಬೇರೆ ಬೇರೆ ಮಾಡಿ, ಬಿಡಿಸಿ ಹೇಳಿದೆ.

"ತಗೋ. ಅಪ್ಪಾ."

ಅವನು ತಂಬಿಗೆ ಎತ್ತಿ ಗಟಗಟನೆ ಕುಡಿದ. ಗಲ್ಲದ ಮೇಲೆ ಹರಿದದ್ದೆಲ್ಲ ತಂಬಿಗೆಯ ನೀರೇ ಆಗಿರಲಿಲ್ಲ. ಖಾಲಿ ತಂಬಿಗೆ ನನ್ನ ಕೈಗೆ ಕೊಟ್ಟ. ಅವ್ವ ಚೌಕಟ್ಟಿಗೆ ಹಣೆ ಹಚ್ಚಿದಳು. ಅಜ್ಜಿ ನನ್ನನ್ನು ನೋಡಿದಳು, ಅವನನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು. ವರಸೆಯ ವಿಷಯದಲ್ಲಿ ಅವಳನ್ನು ಮೀರಿದವರಿಲ್ಲ. ಬೈಯುತ್ತಾಳೆ, ಅಳುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದು ಕಾದೆ. ಅವಳು ಎಲೆಅಡಿಕೆ ಚೀಲದ ಬಾಯಿ ಕಟ್ಟಿ, ಸೊಂಟಕ್ಕೆ ಸಿಕ್ಕಿಸಿ, ಮೊಣಕಾಲ ಮೇಲೆ ಕೈ ಊರಿ ಎದ್ದಳು. ಅಪ್ಪನ ಕಡೆ ತಿರುಗಿ ಅಂದಳು.

"ಹೆಂಡ್ತಿ ಅಂದಿದ್ರ ಮನ್ಯಾಗ ಇಟ್ಕೊಂತಿದ್ವಿ. ಮಗಳು ಅಂದಾನ. ಮಗಳು ಯಾವತ್ತಿದ್ರೂ ಹೊರಗ ಹೋಗಾಕಿ. ಕಳಸ್ರಿ."